ಸೂತ್ರ ಬೇಡ, ಪ್ರೋಟೋಕಾಲ್ ಓದಿ

ಅಣ್ವಸ್ತ್ರ ಮುಕ್ತ ವಲಯಗಳ, ಅಂದರೆ ಅಣುಬಾಂಬ್ ಬೇಡ ಅಂತ ಒಂದು ಭಾಗದ ದೇಶಗಳೆಲ್ಲ ಸೇರಿ ಮಾಡಿಕೊಂಡ ವಲಯಗಳ, ಐದು ಒಪ್ಪಂದ ನೆನಪಿಡೋಕೆ ಸುಲಭದ ಸೂತ್ರ ಕೇಳಿದ್ದೀರಿ. ನನ್ನ ಹತ್ತಿರ ಇತ್ತು. ಅದೇ ನನ್ನನ್ನ ಮುಳುಗಿಸಿದ್ದು.

ರಾಯಚೂರಿನ ಬಾಡಿಗೆ ರೂಮಿನ ಗೋಡೆ ಮೇಲೆ ಸ್ಕೆಚ್ ಪೆನ್ನಲ್ಲಿ ಬರೆದಿದ್ದೆ: ಟ್ಲಾಟೆಲೊಲ್ಕೊ 1967, ರಾರೊಟೊಂಗಾ 1985, ಬ್ಯಾಂಕಾಕ್ 1995, ಪೆಲಿಂದಾಬಾ 1996, ಸೆಮಿಪಲಾಟಿನ್ಸ್ಕ್ 2006. ಕ್ರಮವಾಗಿ ಲ್ಯಾಟಿನ್ ಅಮೆರಿಕ, ದಕ್ಷಿಣ ಪೆಸಿಫಿಕ್, ಆಗ್ನೇಯ ಏಷ್ಯಾ, ಆಫ್ರಿಕಾ, ಮಧ್ಯ ಏಷ್ಯಾದ ಒಪ್ಪಂದಗಳು, ಪಕ್ಕದಲ್ಲಿ ಸಹಿ ಬಿದ್ದ ಇಸವಿ. ಹಲ್ಲುಜ್ಜುವಾಗ ಒಂದು ಸಲ, ರೊಟ್ಟಿ ತಿನ್ನುವಾಗ ಒಂದು ಸಲ. ಮನೆ ಒಡತಿ ಅಜ್ಜಿ 'ಇದ್ಯಾವ ಮಂತ್ರನಪಾ?' ಅಂತ ಕೇಳಿದ್ದರು.

2014ರಲ್ಲಿ ಉಪನ್ಯಾಸಕ ಹುದ್ದೆಗೆ ಸಂದರ್ಶನ. ಐದೂ ಹೆಸರು ಒಂದೇ ಉಸಿರಲ್ಲಿ ಒದರಿದೆ. ಒಬ್ಬ ಮೇಡಂ ಕೇಳಿದ್ದು ಇಷ್ಟೇ: ಬ್ಯಾಂಕಾಕ್ ಒಪ್ಪಂದದ ಪ್ರೋಟೋಕಾಲ್‌ಗೆ ಅಣ್ವಸ್ತ್ರ ದೇಶಗಳಲ್ಲಿ ಯಾರ್‍ಯಾರು ಸಹಿ ಹಾಕಿದ್ದಾರೆ? ಐದೂ ಅಂದೆ, ಗಟ್ಟಿಯಾಗಿ. ಆಗ ಒಂದೂ ಹಾಕಿರಲಿಲ್ಲ. ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರೂ ಬರಲಿಲ್ಲ.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ. ನಮ್ಮ ಹೊಲ ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗ. ಅಲ್ಲಿನ ರೈತರೆಲ್ಲ ಕೂತು ನೀರಿಗೆ ಪಾಳಿ ಮಾಡ್ಕೋಬಹುದು, ಆದರೆ ಮೇಲಿನವರು ಒಪ್ಪದಿದ್ರೆ ಕಾಲುವೆ ಒಣಗೇ ಇರುತ್ತೆ, ಅಲ್ವಾ? ಇದೂ ಹಾಗೇ. ನಾವು ಬಾಂಬ್ ಮಾಡಲ್ಲ, ಇಟ್ಕೊಳ್ಳಲ್ಲ, ಪರೀಕ್ಷೆ ಮಾಡಲ್ಲ ಅಂತ ಆ ವಲಯದ ದೇಶಗಳು ಬರೆದುಕೊಡೋದು ಒಪ್ಪಂದ. ನಿಮ್ಮ ಮೇಲೆ ಬಾಂಬ್ ಹಾಕಲ್ಲ, ಹಾಕ್ತೀವಿ ಅಂತ ಹೆದರಿಸೋದೂ ಇಲ್ಲ ಅಂತ ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ ಬರೆದುಕೊಡೋದು ಪ್ರೋಟೋಕಾಲ್. ಬೇರೆ ಕಾಗದ, ಬೇರೆ ಸಹಿ. ಲ್ಯಾಟಿನ್ ಅಮೆರಿಕದ ಟ್ಲಾಟೆಲೊಲ್ಕೊಗೆ ಐದೂ ದೇಶ ಒಪ್ಪಿದವು. ಬ್ಯಾಂಕಾಕ್‌ನಲ್ಲಿ ತಕರಾರು ಸಮುದ್ರದ್ದು. ತೀರದಿಂದ 200 ನಾಟಿಕಲ್ ಮೈಲಿವರೆಗಿನ ಆರ್ಥಿಕ ವಲಯವನ್ನೂ ಅದು ಸೇರಿಸಿಕೊಂಡಿತ್ತು, ಅಲ್ಲಿ ಓಡಾಡೋ ದೊಡ್ಡವರ ಯುದ್ಧನೌಕೆಗಳಿಗೆ ಅದು ಹಿಡಿಸಲಿಲ್ಲ. ನಾನು ಪ್ರೋಟೋಕಾಲ್ ಅನ್ನೋ ಪದ ಬಂದಾಗೆಲ್ಲ ಏನೋ ಶಿಷ್ಟಾಚಾರ ಇರಬೇಕು ಅಂತ ಪುಟ ಹಾರಿಸಿದ್ದೆ!

ಹಾಗಾಗಿ ಸೂತ್ರ ಕೊಡಲ್ಲ. ಇಸವಿಯೂ ಒಂದೇ ಅಲ್ಲ. ಆಫ್ರಿಕಾದ ಪೆಲಿಂದಾಬಾಗೆ ಸಹಿ ಬಿದ್ದದ್ದು 1996ರಲ್ಲಿ, ಜಾರಿಗೆ ಬಂದದ್ದು 2009ರಲ್ಲಿ. 28 ದೇಶ ಅನುಮೋದಿಸೋಕೆ 13 ವರ್ಷ ಹಿಡೀತು.

ಭಾರತ ಯಾಕೆ ಇಂಥದ್ದಕ್ಕೆ ಸೇರಿಲ್ಲ ಅಂತಾನೂ ಕೇಳಿದ್ದೀರಿ. 1974ರಲ್ಲಿ ಪೋಖ್ರಾನ್‌ನಲ್ಲಿ ಭಾರತದ ಅಣುಪರೀಕ್ಷೆ ಆದಮೇಲೆ ದಕ್ಷಿಣ ಏಷ್ಯಾಕ್ಕೂ ಇಂಥ ವಲಯ ಬೇಕು ಅಂತ ಪಾಕಿಸ್ತಾನ ವಿಶ್ವಸಂಸ್ಥೆಗೆ ಹೋಯಿತು. ಪಕ್ಕದ ಚೀನಾವನ್ನ ಹೊರಗಿಟ್ಟು ಅದೆಂಥ ವಲಯ ಅನ್ನೋದು ನಮ್ಮ ವಾದ. ಮಾನ್ವಿ ರೈತರನ್ನ ಕೇಳಿ, ಅವರೂ ಅದನ್ನೇ ಹೇಳ್ತಾರೆ.