ನಿಮ್ಮ ದುಂಬಿ ಲೇಖನ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ. 'ದುಂಬಿಯ ಕೋಶಕೇಂದ್ರದಲ್ಲಿ ಮೈಟೊಕಾಂಡ್ರಿಯಾ ಡಿಎನ್‌ಎಯ ನಕಲುಗಳು' ಲೇಖನವನ್ನು ಎರಡು ಸಲ ಓದಿದೆ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ ತನ್ನದೇ ಡಿಎನ್‌ಎ ಇದೆ; ಅದರ ಚೂರುಗಳು ಕೋಶಕೇಂದ್ರದ (ನ್ಯೂಕ್ಲಿಯಸ್) ಡಿಎನ್‌ಎಯೊಳಗೆ ನುಸುಳುವ ಕತೆ ನಿಮ್ಮದು. ಈಗಿನ ರೂಪದಲ್ಲಿ ಹಾಕಲಾರೆ. ವಿಷಯವನ್ನು ಮಾತ್ರ ಬಿಡಬೇಡಿ.

ಮೊದಲು ಒಂದು ಸಣ್ಣ ಜಗಳ. ದುಂಬಿ ಅಂದರೆ ನಮ್ಮ ಓದುಗರಿಗೆ ನೆನಪಾಗುವುದು ಹೂವಿನ ಸುತ್ತ ಗುಂಯ್‌ಗುಡುವ ಕಪ್ಪು ದುಂಬಿ. ನಿಮ್ಮದು ಗಟ್ಟಿ ರೆಕ್ಕೆಯ ಹುಳಗಳ ಕತೆ. ಕಾಸರಗೋಡಿನವರಾಗಿ ಕುರುವಾಯಿಯ ಹೆಸರೇ ಎತ್ತಿಲ್ಲವಲ್ಲ! ಗೊಬ್ಬರದ ಗುಂಡಿಯಲ್ಲಿ ಹುಟ್ಟಿ ತೆಂಗಿನ ಸುಳಿ ಕೊರೆಯುವ ಅದನ್ನು ಒಮ್ಮೆ ತೋರಿಸಿ. ಆಮೇಲೆ ಯಾವ ದುಂಬಿ ಅಂತ ಯಾರೂ ಕೇಳುವುದಿಲ್ಲ.

ಮೊದಲ ಮೂರು ಪುಟ, ಅಂದರೆ ಕೋಶದ ಪಾಠ, 37 ಜೀನ್‌ಗಳ ಲೆಕ್ಕ, ಎಲ್ಲ ತೆಗೆಯಿರಿ. ಕತೆ ಶುರುವಾಗುವುದೇ ನಾಲ್ಕನೇ ಪುಟದಲ್ಲಿ. ಒಂದೇ ಹುಳದ ಒಂದೇ ಕಾಲಿನಿಂದ ನಿಮಗೆ ಒಂದೇ ಮೈಟೊಕಾಂಡ್ರಿಯಾ ಜೀನ್‌ನ ಎರಡು ಬೇರೆ ಸರಣಿ, ಅಂದರೆ ಡಿಎನ್‌ಎ ಅಕ್ಷರಗಳ ಸಾಲು, ಸಿಕ್ಕಿತು. ಅದಕ್ಕೆ 'ಹೊಸ ಪ್ರಭೇದ ಇರಬಹುದು' ಎಂದು ಬರೆದು ಮುಂದೆ ಹೋಗಿದ್ದೀರಿ. ಒಂದು ಕಾಲಿಗೆ ಎರಡು ಪ್ರಭೇದವೇ? ನಿಮ್ಮ ಶೀರ್ಷಿಕೆಯೇ ಉತ್ತರ ಹೇಳುತ್ತಿದೆ. ಯಾವತ್ತೋ ಕೋಶಕೇಂದ್ರದ ಡಿಎನ್‌ಎ ತುಂಡಾಗಿ, ರಿಪೇರಿಯಾಗುವಾಗ ಮೈಟೊಕಾಂಡ್ರಿಯಾದ ಚೂರೊಂದು ನಡುವೆ ಸಿಕ್ಕಿಕೊಂಡಿರುವ ಸಾಧ್ಯತೆ ಜಾಸ್ತಿ. ಇಂಥ ಚೂರಿಗೆ 'ನಮ್ಟ್' ಎಂಬ ಹೆಸರು ಬಿದ್ದದ್ದು 1994ರಲ್ಲಿ, ಸಾಕು ಬೆಕ್ಕಿನಲ್ಲಿ ಕಂಡಾಗ. ಆ ಬೆಕ್ಕು ಲೇಖನದಲ್ಲಿ ಇರಲಿ.

ಇನ್ನು ನನಗೆ ನಿಜಕ್ಕೂ ಸಿಟ್ಟು ಬಂದ ಜಾಗ. ಪ್ರೋಟೀನ್ ಕಟ್ಟುವಾಗ ಡಿಎನ್‌ಎಯ ಟಿಜಿಎ ಎಂಬ ಮೂರಕ್ಷರಕ್ಕೆ ಕೀಟದ ಮೈಟೊಕಾಂಡ್ರಿಯಾದಲ್ಲಿ 'ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಸೇರಿಸು' ಎಂದರ್ಥ. ಕೋಶಕೇಂದ್ರದಲ್ಲಿ ಅದೇ ಮೂರಕ್ಷರಕ್ಕೆ 'ನಿಲ್ಲು' ಎಂದರ್ಥ. ಇಷ್ಟು ಚೆಂದದ ಸಂಗತಿಯನ್ನು ಒಂದು ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ! ಕನ್ನಡದ ಪಟ್ಟಿ ಮಲಯಾಳದಲ್ಲಿ ನಾಯಿ ಆಗುತ್ತದೆ ಎಂದು ನಮ್ಮೂರ ಶಾಲೆ ಮಕ್ಕಳಿಗೂ ಗೊತ್ತು, ಅಲ್ವಾ? ಇದನ್ನು ವಿವರಿಸಲು ನಿಮಗಿಂತ ಅನುಕೂಲ ಇನ್ಯಾರಿಗಿದೆ? ಅಕ್ಷರ ಒಂದೂ ಬದಲಾಗದೆ ಆ ಜೀನ್ ಕೇಂದ್ರದೊಳಗೆ ಕೆಲಸಕ್ಕೆ ಬಾರದಂತಾಗುತ್ತದೆ. ಕೆಲಸವಿಲ್ಲದ ಮೇಲೆ ತಪ್ಪು ಬಿದ್ದರೂ ಹುಳಕ್ಕೆ ನಷ್ಟವಿಲ್ಲ. ಹಾಗಾಗಿ ಅಕ್ಷರ ಬೀಳುತ್ತದೆ, ಸೇರುತ್ತದೆ, ತಲೆಮಾರು ಕಳೆದಂತೆ ನಕಲು ಅಸಲಿನಿಂದ ದೂರ ಹೋಗುತ್ತದೆ.

'ನಡುವೆ ನಿಲ್ಲು ಸಿಕ್ಕರೆ ನಕಲು, ಸಿಗದಿದ್ದರೆ ಅಸಲು' ಎಂಬ ನಿಮ್ಮ ಸೂತ್ರ ಅರ್ಧ ಮಾತ್ರ ಸರಿ. ಮೈಟೊಕಾಂಡ್ರಿಯಾದ ಲೆಕ್ಕದಲ್ಲೇ ಓದಿದಾಗಲೂ ನಡುವೆ 'ನಿಲ್ಲು' ಬಂದರೆ ಅನುಮಾನ ಸರಿ. ಆದರೆ ಮೊನ್ನೆ ಮೊನ್ನೆ ಒಳಗೆ ಸೇರಿದ ನಕಲಿನಲ್ಲಿ ಯಾವ ಗುರುತೂ ಇರುವುದಿಲ್ಲ. ಮೈಟೊಕಾಂಡ್ರಿಯಾದ ಒಂದು ಜೀನ್‌ನ 658 ಅಕ್ಷರದ ತುಂಡು, ಅಂದರೆ ಡಿಎನ್‌ಎ ಬಾರ್‌ಕೋಡ್, ನೋಡಿ ಹುಳ ಗುರುತಿಸುವವರು ಬೇಸ್ತು ಬೀಳುವುದು ಇಲ್ಲೇ. ಸುಮ್ನೆ ಪ್ರಭೇದಗಳ ಲೆಕ್ಕ ಏರುತ್ತದೆ.

ನಿಮ್ಮ ಎರಡು ಸರಣಿಗಳಲ್ಲಿ ಯಾವುದು ಅಸಲು? ಮೈಟೊಕಾಂಡ್ರಿಯಾವನ್ನು ಬೇರ್ಪಡಿಸಿ ತೆಗೆದ ಡಿಎನ್‌ಎ ಜೊತೆ ಹೋಲಿಸಿ ನೋಡಿದಿರಾ? ನೋಡಿದ್ದರೆ ಅದನ್ನೇ ಬರೆಯಿರಿ. ನೋಡಿಲ್ಲದಿದ್ದರೆ ನೋಡಿ ಬನ್ನಿ. ಆಟಿ ತಿಂಗಳ ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಇಟ್ಟಿರುತ್ತೇನೆ.