ಕುದಿಸಿದರೂ ಹೋಗದ್ದು

ಪ್ರಶ್ನೆ: ನಮ್ಮ ಪಟ್ಟಣದ ಒಳಚರಂಡಿ ನೀರು ಶುದ್ಧೀಕರಿಸುವ ಘಟಕ ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಂದ ಬಿಟ್ಟ ನೀರು ಸೇರುವ ಕೆರೆ ಪಾಚಿಗಟ್ಟಿ ಹಸಿರಾಗಿದೆ. ನಮ್ಮ ಕೊಳವೆಬಾವಿಯ ನೀರು ಮಾತ್ರ ತಿಳಿಯಾಗಿದೆ, ವಾಸನೆಯೂ ಇಲ್ಲ. ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಎದೆಹಾಲು ಸಾಲದೆ ಮಗುವಿಗೆ ಡಬ್ಬಿಹಾಲನ್ನೂ ಕೊಡುತ್ತಿದ್ದೇವೆ. ನೀರನ್ನು ಇಪ್ಪತ್ತು ನಿಮಿಷ ಕುದಿಸುತ್ತೇನೆ, ಸಾಕಲ್ಲವೇ? ಘಟಕದ ವರದಿಯಲ್ಲಿಯೂ ಎಲ್ಲವೂ ಮಿತಿಯೊಳಗಿದೆಯಂತೆ.
– ಬಯಲುಸೀಮೆಯ ಓದುಗರೊಬ್ಬರು

ಉತ್ತರ: ತಾಯಿ, ಇಪ್ಪತ್ತು ನಿಮಿಷ ಕುದಿಸುವುದನ್ನು ಇಂದೇ ನಿಲ್ಲಿಸಿ. ರೋಗಾಣು ಸಾಯಲು ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ನನ್ನ ಅನುಮಾನ ನೈಟ್ರೇಟಿನ ಮೇಲೆ, ಅಂದರೆ ನೀರಿನಲ್ಲಿ ಕರಗಿರುವ ಸಾರಜನಕದ ಒಂದು ರೂಪದ ಮೇಲೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಆವಿಯಾಗಿಯೂ ಹೋಗುವುದಿಲ್ಲ. ಕುಡಿಯುವ ನೀರಿನಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅಷ್ಟೇ ಇರುವ ಎರಡು ಲೀಟರ್ ನೀರನ್ನು ಬತ್ತಿಸಿ ಒಂದು ಲೀಟರ್ ಮಾಡಿದರೆ 90 ಆಯಿತು! ಆರು ತಿಂಗಳೊಳಗಿನ ಕೂಸಿನ ರಕ್ತಕ್ಕೆ ಇದರಿಂದ ಆಮ್ಲಜನಕ ಹೊರುವ ಶಕ್ತಿ ಕುಂದಬಹುದು. ತುಟಿ, ಉಗುರು ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಎದೆಹಾಲಿಗೆ ಇದು ಅಷ್ಟಾಗಿ ಇಳಿಯುವುದಿಲ್ಲ. ಭಯವಿರುವುದು ಡಬ್ಬಿಹಾಲಿಗೆ ಬೆರೆಸುವ ನೀರಿನಲ್ಲಿ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಅದಕ್ಕೆ ಆರ್‌ಒ ನೀರನ್ನು ಬಳಸಿ, ಅದನ್ನೂ ಒಂದು ಕುದಿ ಕುದಿಸಿ.

ಇನ್ನು ಘಟಕದ ವರದಿ. ಅದು ಸುಳ್ಳಿರಲಿಕ್ಕಿಲ್ಲ, ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲ. 2017ರ ಕೇಂದ್ರ ಅಧಿಸೂಚನೆ ಇಂಥ ಘಟಕಗಳಿಗೆ ಹಾಕಿದ ಮಿತಿಗಳು ನಾಲ್ಕೇ: ಆಮ್ಲೀಯತೆ, ಬಿಒಡಿ (ನೀರಿನ ಕೊಳೆ ಅರಗಿಸಲು ಸೂಕ್ಷ್ಮಾಣುಗಳಿಗೆ ಬೇಕಾಗುವ ಆಮ್ಲಜನಕ), ತೇಲುವ ಕಣ, ಮಲದ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ. ನೈಟ್ರೇಟ್ ಆ ಪಟ್ಟಿಯಲ್ಲೇ ಇಲ್ಲ.

ನಾನು ಇಂಥದೇ ಘಟಕದ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದವನು. ಬೆಳಗಿನ ಮೊದಲ ಕೆಲಸ, ಗಾಳಿ ಊದುವ ತೊಟ್ಟಿಯ ನೀರನ್ನು ಒಂದು ಲೀಟರಿನ ಅಳತೆ ಜಾಡಿಗೆ ಸುರಿದು ಅರ್ಧ ಗಂಟೆ ಬಿಟ್ಟು ನೋಡುವುದು. ಕೆಸರು ಕಾಫಿ ಬಣ್ಣದ್ದಾಗಿ, ಹೊಸ ಮಳೆಗೆ ನೆನೆದ ಮಣ್ಣಿನ ವಾಸನೆ ಬಂದರೆ ಸೂಕ್ಷ್ಮಾಣುಗಳು ಸುಖವಾಗಿವೆ ಎಂದರ್ಥ. ರಾತ್ರಿ ಕರೆಂಟ್ ಕೈಕೊಟ್ಟಿದ್ದರೆ ಜಾಡಿ ಕಪ್ಪಾಗಿ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ವಿಚಿತ್ರವೆಂದರೆ, ಕೆಲಸ ಚೆನ್ನಾಗಿ ನಡೆದ ದಿನವೇ ನೈಟ್ರೇಟ್ ಹೆಚ್ಚು. ಗಾಳಿ ಸಿಕ್ಕ ಸೂಕ್ಷ್ಮಾಣುಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಅದನ್ನು ಕಳೆಯಲು ಗಾಳಿಯಿಲ್ಲದ ಮತ್ತೊಂದು ಹಂತ ಬೇಕು. ಸಣ್ಣ ಊರಿನ ಹಳೆಯ ಘಟಕಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಕೆರೆಯ ಪಾಚಿಗೆ ಸಾರಜನಕವೇ ಗೊಬ್ಬರ, ಜೊತೆಗೆ ರಂಜಕವೂ ಸೇರಿರುತ್ತದೆ. ಆ ನೀರು ನೆಲಕ್ಕಿಂಗಿ ನಿಮ್ಮ ಕೊಳವೆಬಾವಿಗೂ ಇಳಿದಿರಬಹುದು.

ಹಾಗೆಂದು ಘಟಕದವರ ಮೇಲೆ ಈಗಲೇ ಹರಿಹಾಯಬೇಡಿ. ತಿಪ್ಪೆ, ಹೊಲಕ್ಕೆ ಎರಚಿದ ಯೂರಿಯಾ, ಹಿತ್ತಲಿನ ಶೌಚದ ಇಂಗುಗುಂಡಿ, ಎಲ್ಲವೂ ಕೊಡುವುದು ನೈಟ್ರೇಟನ್ನೇ.

ಕೊಳವೆಬಾವಿಯನ್ನು ಐದು ನಿಮಿಷ ಹರಿಯಬಿಟ್ಟು, ಅದೇ ನೀರಿನಲ್ಲಿ ಶುಭ್ರ ಬಾಟಲಿಯನ್ನು ಮೂರು ಸಲ ತೊಳೆದು ತುಂಬಿಸಿ. ಮಂಜುಗಡ್ಡೆಯಲ್ಲಿಟ್ಟು ಅಂದೇ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಮುಟ್ಟಿಸಿ. ಕೋಲಿಫಾರ್ಮ್ ಪರೀಕ್ಷೆಗೆ ಮನೆಯ ಬಾಟಲಿ ನಡೆಯದು, ಕ್ರಿಮಿಶುದ್ಧ ಮಾಡಿದ್ದನ್ನು ಅವರಿಂದಲೇ ಕೇಳಿ ತನ್ನಿ. ಅಂಕಿ ಬಂದ ಮೇಲೆ ನನಗೆ ಬರೆಯಿರಿ. ಇಂಗುಗುಂಡಿಗೂ ಕೊಳವೆಬಾವಿಗೂ ಎಷ್ಟು ಹೆಜ್ಜೆ ಎಂಬುದನ್ನೂ ಎಣಿಸಿ ಬರೆಯಿರಿ.