ದೊಡ್ಡ ಪಕ್ಷ ಅಂದರೆ ಬಹುಮತ ಅಲ್ಲ

ಅತಂತ್ರ ವಿಧಾನಸಭೆ, ಅಂದರೆ ಯಾವ ಪಕ್ಷಕ್ಕೂ ಬಹುಮತ ಬಾರದ ಸದನದ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಎಷ್ಟು ಸಲ ಉತ್ತರ ಕೊಟ್ಟರೂ ಅದು ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಉಳಿದವಕ್ಕೆ ಚುಟುಕು ಉತ್ತರ. ರಾಜ್ಯಪಾಲರು ಅಂದರೆ ಯಾರು, ವಿಶ್ವಾಸಮತ ಅಂದರೆ ಏನು ಅನ್ನೋದು ಹೈಸ್ಕೂಲ್ ಪಾಠ. ಅದನ್ನು ಇಲ್ಲಿ ಹೇಳುವುದಿಲ್ಲ.

ಪ್ರಶ್ನೆ: 2018ರಲ್ಲಿ 104 ಸೀಟು ಗೆದ್ದವರು ವಿರೋಧ ಪಕ್ಷದಲ್ಲಿ ಕೂತರು, 37 ಗೆದ್ದವರು ಮುಖ್ಯಮಂತ್ರಿ ಆದರು. ಅತಿ ಹೆಚ್ಚು ಸೀಟು ಗೆದ್ದ ಪಕ್ಷವನ್ನೇ ರಾಜ್ಯಪಾಲರು ಕರೆಯಬೇಕು ಅಂತ ಸಂವಿಧಾನದಲ್ಲೇ ಇದೆ ಅಲ್ವಾ?

ಇಲ್ಲ. ಅಂಥ ವಿಧಿ ಸಂವಿಧಾನದಲ್ಲಿ ಎಲ್ಲೂ ಇಲ್ಲ. ವಾಟ್ಸಾಪಿನಲ್ಲಿ ವಿಧಿಯ ನಂಬರ್ ಸಮೇತ ಬಂದಿದ್ದರೂ ಇಲ್ಲ. 164ನೇ ವಿಧಿಯಲ್ಲಿ ನಿಮಗೆ ಬೇಕಾದ್ದು ಎರಡು ಮಾತು. ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ. ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ. ಸದನದಲ್ಲಿ ಹೆಚ್ಚು ಜನ ಯಾರ ಬೆನ್ನಿಗೆ ನಿಲ್ಲುತ್ತಾರೋ ಸರ್ಕಾರ ಅವರದ್ದು. ರಾಜ್ಯಪಾಲರು ಮೊದಲ ಸ್ಥಾನಕ್ಕೆ ಬಹುಮಾನ ಕೊಡಲು ಕೂತಿಲ್ಲ. ಬಹುಮತ ಯಾರ ಹತ್ತಿರ ಇದ್ದೀತು ಅಂತ ಹುಡುಕುವುದು ಅವರ ಕೆಲಸ.

ಹೇಗೆ ಹುಡುಕಬೇಕು ಅನ್ನೋದಕ್ಕೆ 1988ರಲ್ಲಿ ಸರ್ಕಾರಿಯಾ ಆಯೋಗ (ಕೇಂದ್ರ–ರಾಜ್ಯ ಸಂಬಂಧ ಪರಿಶೀಲಿಸಲು ಕೇಂದ್ರ ನೇಮಿಸಿದ್ದು) ಒಂದು ಕ್ರಮ ಹೇಳಿತು. ಮೊದಲು ಚುನಾವಣೆಗೆ ಮುಂಚೆಯೇ ಆದ ಮೈತ್ರಿಕೂಟ. ಆಮೇಲೆ ಇತರರ ಬೆಂಬಲದೊಂದಿಗೆ ಹಕ್ಕು ಮಂಡಿಸುವ ಅತಿ ದೊಡ್ಡ ಪಕ್ಷ. ಮೂರನೆಯದು ಚುನಾವಣೆ ನಂತರದ ಮೈತ್ರಿ, ಎಲ್ಲರೂ ಸರ್ಕಾರದಲ್ಲಿ ಸೇರುವಂಥದ್ದು. ಕೊನೆಗೆ ಕೆಲವರು ಒಳಗೆ, ಕೆಲವರು ಹೊರಗಿನಿಂದ ಬೆಂಬಲ ಕೊಡುವ ಮೈತ್ರಿ.

ಎರಡನೆಯದನ್ನು ಇನ್ನೊಂದು ಸಲ ಓದಿ. 'ಇತರರ ಬೆಂಬಲದೊಂದಿಗೆ' ಅಂತ ಇದೆ. ಟಿವಿ ಚರ್ಚೆಯಲ್ಲಿ ಕೂಗಾಡುವವರು ಈ ಎರಡು ಪದ ನುಂಗಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. ಬರೀ ದೊಡ್ಡ ಪಕ್ಷ ಆಗಿದ್ದರೆ ಸಾಲದು. ಕೊರತೆ ಎಲ್ಲಿಂದ ತುಂಬುತ್ತೀರಿ ಅಂತ ತೋರಿಸಬೇಕು.

ಈಗ 2018ರ ಲೆಕ್ಕ ನೋಡಿ. 224ರಲ್ಲಿ 222 ಕ್ಷೇತ್ರಕ್ಕೆ ಮೇ 12ಕ್ಕೆ ಮತದಾನ ಆಯಿತು. ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಬಿಎಸ್‌ಪಿ, ಕೆಪಿಜೆಪಿ, ಪಕ್ಷೇತರ ತಲಾ ಒಂದು. ಜೆಡಿಎಸ್‌ನ ಕುಮಾರಸ್ವಾಮಿ ರಾಮನಗರ, ಚನ್ನಪಟ್ಟಣ ಎರಡೂ ಕಡೆ ಗೆದ್ದಿದ್ದರು. ಒಬ್ಬರಿಗೆ ಎರಡು ಓಟು ಇಲ್ಲ. ಹಾಗಾಗಿ ಸದನದಲ್ಲಿ ಕೂರುವವರು 221, ಬಹುಮತಕ್ಕೆ ಬೇಕಾದ್ದು 111. ಬಿಜೆಪಿಗೆ ಇನ್ನೂ ಏಳು ಜನ ಬೇಕಿತ್ತು. ಆ ಏಳು ಜನ ಯಾರು ಅಂತ ಯಾರೂ ಹೆಸರು ಹೇಳಲಿಲ್ಲ. ಆ ಕಡೆ ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿದರೆ 115 ಸೀಟು, ಅಂದರೆ 114 ಜನ. ಕೈಯಲ್ಲಿ ಶಾಸಕರ ಸಹಿ ಇರುವ ಪತ್ರ ಇತ್ತು.

ಆದರೂ ರಾಜ್ಯಪಾಲ ವಜುಭಾಯಿ ವಾಲಾ ಬಿಜೆಪಿಯ ಯಡಿಯೂರಪ್ಪ ಅವರನ್ನು ಕರೆದು, ಬಹುಮತ ಸಾಬೀತಿಗೆ 15 ದಿನ ಕೊಟ್ಟರು. ಸುಪ್ರೀಂ ಕೋರ್ಟ್ ರಾತ್ರೋರಾತ್ರಿ ವಿಚಾರಣೆ ನಡೆಸಿತು. ಪ್ರಮಾಣವಚನ ತಡೆಯಲಿಲ್ಲ. ಆದರೆ ಮೇ 18ಕ್ಕೆ, ನಾಳೆ ಸಂಜೆ 4 ಗಂಟೆಗೇ ವಿಶ್ವಾಸಮತ ಆಗಲಿ ಅಂದಿತು. ಗುಪ್ತ ಮತದಾನದ ಕೋರಿಕೆಯನ್ನೂ ಒಪ್ಪಲಿಲ್ಲ. ಮೇ 19ಕ್ಕೆ ಯಡಿಯೂರಪ್ಪ ಮತಕ್ಕೆ ಹಾಕುವ ಮುಂಚೆಯೇ ರಾಜೀನಾಮೆ ಕೊಟ್ಟರು. 23ಕ್ಕೆ ಕುಮಾರಸ್ವಾಮಿ ಪ್ರಮಾಣವಚನ, 25ಕ್ಕೆ ವಿಶ್ವಾಸಮತ.

ಇದನ್ನು ಬಿಜೆಪಿ ವಿರುದ್ಧದ ಮಾತು ಅಂದುಕೊಳ್ಳಬೇಡಿ. ಒಂದು ವರ್ಷ ಹಿಂದೆ ಗೋವಾದಲ್ಲಿ ಇದೇ ನಾಟಕ ತಿರುವುಮುರುವು. 40 ಸೀಟಿನಲ್ಲಿ ಕಾಂಗ್ರೆಸ್ 17, ಬಿಜೆಪಿ 13. ಬಿಜೆಪಿ ಸಣ್ಣ ಪಕ್ಷಗಳನ್ನೂ ಪಕ್ಷೇತರರನ್ನೂ ಜೊತೆಗೆ ಹಾಕಿಕೊಂಡು ಬಂತು, ಅದರ ಮುಖ್ಯಮಂತ್ರಿ ಪರ್ರಿಕರ್ ವಿಶ್ವಾಸಮತವನ್ನು 22–16ರಲ್ಲಿ ಗೆದ್ದರು. ಆಗ 'ದೊಡ್ಡ ಪಕ್ಷ ನಾವು' ಅಂತ ಕೋರ್ಟಿಗೆ ಹೋದವರು ಕಾಂಗ್ರೆಸ್ಸಿನವರು. ಬೆಂಗಳೂರಿಗೆ ಬರುವಷ್ಟರಲ್ಲಿ ಎರಡೂ ಪಕ್ಷ ವಾದ ಅದಲು ಬದಲು ಮಾಡಿಕೊಂಡವು. ನಿಮ್ಮ ಪಕ್ಷ ಯಾವುದೇ ಇರಲಿ, ಗೋವಾಕ್ಕೂ ಕರ್ನಾಟಕಕ್ಕೂ ಒಂದೇ ಅಳತೆ ಹಿಡಿಯಿರಿ. ಹಿಡಿಯಲು ಆಗದಿದ್ದರೆ ನಿಮಗೆ ಬೇಕಿರುವುದು ನಿಯಮ ಅಲ್ಲ, ಕುರ್ಚಿ.

ಇನ್ನು 37ರ ವಿಷಯ. ಮುಖ್ಯಮಂತ್ರಿ ದೊಡ್ಡ ಪಕ್ಷದವರೇ ಆಗಬೇಕು ಅಂತಲೂ ನಿಯಮ ಇಲ್ಲ. 1996ರಲ್ಲಿ ಲೋಕಸಭೆಯಲ್ಲಿ 161 ಸೀಟಿನ ಬಿಜೆಪಿ ಸರ್ಕಾರ 13 ದಿನಕ್ಕೆ ಮುಗಿಯಿತು. 46 ಸೀಟಿನ ಜನತಾದಳದ ದೇವೇಗೌಡರು ಪ್ರಧಾನಿ ಆದರು. 2006ರಲ್ಲಿ ಜಾರ್ಖಂಡಿನಲ್ಲಿ ಮಧು ಕೋಡಾ ಪಕ್ಷೇತರರಾಗಿದ್ದೇ ಮುಖ್ಯಮಂತ್ರಿ ಆದರು. ಇಂಥ ಸರ್ಕಾರ ಚೆನ್ನಾಗಿ ನಡೆಯುತ್ತದಾ ಅನ್ನೋದು ಬೇರೆ ಪ್ರಶ್ನೆ. ನನ್ನ ಅನಿಸಿಕೆ ಕೇಳಿದರೆ, ಸಣ್ಣ ಪಾಲುದಾರನಿಗೆ ದೊಡ್ಡ ಕುರ್ಚಿ ಕೊಟ್ಟ ಮೈತ್ರಿ ಮೊದಲ ದಿನದಿಂದಲೇ ಸಡಿಲ. ಆದರೆ ಸಡಿಲ ಇರುವುದು ಕಾನೂನುಬಾಹಿರ ಅಲ್ಲ.

ನಾನು ಹೆದರುವುದು ಬೇರೆ ವಿಷಯಕ್ಕೆ, ಆ 15 ದಿನಕ್ಕೆ. ಹೀಗೆ ಬಂದ ಮುಖ್ಯಮಂತ್ರಿ 30 ದಿನದೊಳಗೆ ವಿಶ್ವಾಸಮತ ಕೇಳಲಿ ಅಂತ ಸರ್ಕಾರಿಯಾ ಆಯೋಗವೇ ಹೇಳಿತ್ತು. ಆ ಮಾತು ಇವತ್ತಿಗೆ ಹೊಂದುವುದಿಲ್ಲ. ಏಳು ಜನ ಕಡಿಮೆ ಇರುವವರಿಗೆ ಹದಿನೈದು ದಿನ ಯಾತಕ್ಕೆ ಬೇಕು? ರೆಸಾರ್ಟಿನ ಗೇಟು ಮುಚ್ಚುವುದು, ಫೋನ್ ಕಸಿದುಕೊಳ್ಳುವುದು, ಬಸ್ಸಿನಲ್ಲಿ ಪಕ್ಕದ ರಾಜ್ಯಕ್ಕೆ ಸಾಗಿಸುವುದು ಎಲ್ಲ ನಡೆಯುವುದು ಆ ಬಿಡುವಿನಲ್ಲೇ. ಎರಡು ದಿನ ಸಾಕು. ಶಾಸಕರು ಪ್ರಮಾಣವಚನ ತೆಗೆದುಕೊಳ್ಳಲಿ, ಹಂಗಾಮಿ ಸ್ಪೀಕರ್ ಕೂರಲಿ, ಎದ್ದು ನಿಲ್ಲಿಸಿ ತಲೆ ಎಣಿಸಲಿ.

ಈ ಎಣಿಕೆಯ ಹಕ್ಕನ್ನು ಇಡೀ ದೇಶಕ್ಕೆ ಕೊಡಿಸಿದ್ದು ಕರ್ನಾಟಕದ್ದೇ ಕೇಸು. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ವಾಪಸ್ ತೆಗೆದುಕೊಂಡರು ಅನ್ನುವ ಪತ್ರ ನಂಬಿ ರಾಜ್ಯಪಾಲರು ಕೇಂದ್ರಕ್ಕೆ ವರದಿ ಕಳಿಸಿದರು. ಅವರಲ್ಲಿ ಕೆಲವರು ಮಾತು ಬದಲಿಸಿದರು. ಸದನ ಕರೆಯಿರಿ, ಬಹುಮತ ತೋರಿಸ್ತೀನಿ ಅಂತ ಆಗಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಕೇಳಿಕೊಂಡರು. ಅವಕಾಶ ಕೊಡದೆ ಕೇಂದ್ರ ಅವರ ಸರ್ಕಾರವನ್ನು ವಜಾ ಮಾಡಿತು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲಿ ತೀರ್ಮಾನ ಆಗಬೇಕು, ರಾಜಭವನದಲ್ಲಿ ಅಲ್ಲ. ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಸಿಗಲಿಲ್ಲ. ಅವರ ನಂತರ ಬಂದ ಎಷ್ಟೋ ಮುಖ್ಯಮಂತ್ರಿಗಳ ಕುರ್ಚಿ ಉಳಿದದ್ದು ಆ ತೀರ್ಪಿನಿಂದ. ಈ ಕೇಸು ಗೊತ್ತಿಲ್ಲದೆ ಯಾರಾದರೂ 'ಸಂವಿಧಾನ ತಜ್ಞ' ಅಂತ ಟಿವಿಯಲ್ಲಿ ಕೂತರೆ ದಯವಿಟ್ಟು ಚಾನೆಲ್ ಬದಲಿಸಿ.

ಪ್ರಶ್ನೆ: ಯಾರಿಗೂ ಬಹುಮತ ಇಲ್ಲದಿದ್ದರೆ ಮತ್ತೆ ಚುನಾವಣೆ ಮಾಡಿದರೆ ಆಗಲ್ವಾ?

2005ರಲ್ಲಿ ಬಿಹಾರದಲ್ಲಿ ಮಾಡಿದರು. ಫೆಬ್ರವರಿಯಲ್ಲಿ ಆಯ್ಕೆಯಾದ ಸದನ ಒಂದು ದಿನವೂ ಸೇರದೆ ಮೇ ತಿಂಗಳಲ್ಲಿ ವಿಸರ್ಜನೆ ಆಯಿತು. ಅದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿತು. ಮರುಚುನಾವಣೆ ಎಲ್ಲ ದಾರಿ ಮುಚ್ಚಿದ ಮೇಲಿನ ಮಾತು.

ಪ್ರಶ್ನೆ: 113 ಇಲ್ಲದೆ ನಮ್ಮ ರಾಜ್ಯದಲ್ಲಿ ಸರ್ಕಾರ ನಡೆಯಲ್ಲ ತಾನೇ?

ತಪ್ಪು. 113 ಅನ್ನೋದು 224ರ ಅರ್ಧಕ್ಕಿಂತ ಒಂದು ಹೆಚ್ಚು, ಅಷ್ಟೇ. ಹಾಜರಿದ್ದು ಮತ ಹಾಕಿದವರಲ್ಲಿ ಹೆಚ್ಚು ಯಾರಿಗೆ ಅನ್ನೋದಷ್ಟೇ ಲೆಕ್ಕ. 2019ರ ಜುಲೈ 23ಕ್ಕೆ ಕುಮಾರಸ್ವಾಮಿ ಸರ್ಕಾರ ಬಿದ್ದದ್ದು ಪರ 99, ವಿರುದ್ಧ 105ರಲ್ಲಿ.

ಪ್ರಶ್ನೆ: ಇಪ್ಪತ್ತು ತಿಂಗಳು ನೀನು, ಇಪ್ಪತ್ತು ತಿಂಗಳು ನಾನು ಅನ್ನುವ ಒಪ್ಪಂದ ಮುರಿದರೆ ಕೋರ್ಟಿಗೆ ಹೋಗಬಹುದಾ?

ಆಗಲ್ಲ. 2006ರ ಜೆಡಿಎಸ್–ಬಿಜೆಪಿ ಒಪ್ಪಂದ 2007ರ ಅಕ್ಟೋಬರಿನಲ್ಲಿ ಮುರಿದಾಗ ಯಾವ ಕೋರ್ಟೂ ಅದನ್ನು ಜೋಡಿಸಲು ಬರಲಿಲ್ಲ. ಆಮೇಲೆ ನವೆಂಬರಿನಲ್ಲಿ ಯಡಿಯೂರಪ್ಪ ಮುಖ್ಯಮಂತ್ರಿ ಆದರೂ ಒಂದೇ ವಾರಕ್ಕೆ ಇಳಿಯಬೇಕಾಯಿತು.

ಪ್ರಶ್ನೆ: ಬೆಂಬಲ ಕೊಟ್ಟವರಿಗೆಲ್ಲ ಮಂತ್ರಿಗಿರಿ ಕೊಟ್ಟರೆ ಸರ್ಕಾರ ಗಟ್ಟಿ ಆಗಲ್ವಾ?

ಎಲ್ಲಿಂದ ಕೊಡುತ್ತಾರೆ? 2003ರ 91ನೇ ತಿದ್ದುಪಡಿ ಪ್ರಕಾರ ಮಂತ್ರಿಗಳು ಸದನದ ಬಲದ ಶೇ 15 ಮೀರುವ ಹಾಗಿಲ್ಲ. ನಮ್ಮಲ್ಲಿ ಮುಖ್ಯಮಂತ್ರಿ ಸೇರಿ 34.

ಪ್ರಶ್ನೆ: ನಾನು ಜರ್ಮನಿಯಲ್ಲಿ ಕೆಲಸ ಮಾಡ್ತೀನಿ. ಇಲ್ಲಿ ಮೈತ್ರಿಗಳು ನಮ್ಮಷ್ಟು ಬೇಗ ಬೀಳಲ್ಲ. ಯಾಕೆ?

ಒಳ್ಳೆ ಪ್ರಶ್ನೆ. ಅಲ್ಲಿ ಮೊದಲು ವಾರಗಟ್ಟಲೆ ಕೂತು ಮೈತ್ರಿ ಒಪ್ಪಂದ ಬರೆಯುತ್ತಾರೆ, ಎಲ್ಲರೂ ಓದುವ ಹಾಗೆ ಪ್ರಕಟಿಸುತ್ತಾರೆ. ಜೊತೆಗೆ ಚಾನ್ಸಲರನ್ನು (ಅಲ್ಲಿನ ಸರ್ಕಾರದ ಮುಖ್ಯಸ್ಥರನ್ನು) ಅವಿಶ್ವಾಸದಿಂದ ಇಳಿಸಬೇಕಾದರೆ ಅದೇ ಮತದಲ್ಲಿ ಮುಂದಿನವರನ್ನೂ ಆರಿಸಬೇಕು. 1982ರಲ್ಲಿ ಶ್ಮಿಟ್ ಹೋಗಿ ಕೋಲ್ ಬಂದದ್ದು ಹಾಗೆಯೇ. ನಮ್ಮಲ್ಲಿ ಮೊದಲು ಪ್ರಮಾಣವಚನ, ಆಮೇಲೆ ಖಾತೆ ಜಗಳ, ಅದಾದ ಮೇಲೆ ಕಾರ್ಯಕ್ರಮದ ಮಾತು. ಆ ಜರ್ಮನ್ ನಿಯಮ ಇಲ್ಲಿಗೂ ಬರಬೇಕು ಅಂತ ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ.

ಪ್ರಶ್ನೆ: ಪ್ರಮಾಣವಚನಕ್ಕೆ ಮುಂಚೆ ಶಾಸಕ ಪಕ್ಷ ಬದಲಿಸಿದರೆ ಪಕ್ಷಾಂತರ ಕಾಯ್ದೆ ತಟ್ಟಲ್ಲವಂತೆ, ನಿಜಾನಾ?

ಈ ಬುದ್ಧಿ ಹೇಳಿಕೊಟ್ಟವರ ಹತ್ತಿರ ಇನ್ನು ಮುಂದೆ ಕಾನೂನು ಕೇಳಬೇಡಿ. ಪಕ್ಷದ ಟಿಕೆಟ್ ಮೇಲೆ ಗೆದ್ದವರು ಆ ಪಕ್ಷದವರೇ. ವಿಶ್ವಾಸಮತಕ್ಕೆ ಕೈ ಎತ್ತುವಾಗ ಹೇಗೂ ಪ್ರಮಾಣವಚನ ಆಗಿರುತ್ತದೆ, ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ, ಜಾರಿಯಲ್ಲಿರುತ್ತದೆ. 2019ರಲ್ಲಿ ಮೈತ್ರಿ ಪಕ್ಷಗಳಿಂದ ಹೊರಟವರು ರಾಜೀನಾಮೆ ದಾರಿ ಹಿಡಿದರು. ಆದರೂ 17 ಜನ ಅನರ್ಹರಾದರು, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಮತ್ತೆ ಚುನಾವಣೆಗೆ ನಿಲ್ಲಲು ಮಾತ್ರ ಬಿಟ್ಟಿತು. ಕಾಯ್ದೆಯ ತೂತು ಇರುವುದು ಅಲ್ಲಿ.